ಹೊಟ್ಟೆಯುಬ್ಬರದ ಕಿಟ್: ಯಾವುದು ಕೆಲಸಕ್ಕೆ, ಯಾವುದು ತೋರಿಕೆಗೆ

ದನಗಳ ಹೊಟ್ಟೆಯ ತೊಂದರೆಗೆಂದೇ ಒಂದು ಪೆಟ್ಟಿಗೆಯಲ್ಲಿ ಎಲ್ಲವನ್ನೂ ತುಂಬಿ ಮಾರುವ ಕಿಟ್‌ಗಳ ಹೆಸರು, ಬಣ್ಣ ಬೇರೆಬೇರೆ. ಮುಚ್ಚಳ ತೆಗೆದರೆ ಕಾಣುವ ಸಾಮಾನು ಮಾತ್ರ ಹೆಚ್ಚುಕಡಿಮೆ ಒಂದೇ. ಮೇಲುಗಡೆ, ಸ್ಪಂಜಿನ ಗುಳಿಯಲ್ಲಿ, ಥಳಥಳ ಹೊಳೆಯುವ ಟ್ರೋಕಾರ್, ಅಂದರೆ ಪಕ್ಕೆಗೆ ಚುಚ್ಚಿ ಗಾಳಿ ಬಿಡುವ ಮೊನೆಯ ಕೊಳವೆ. ಅದರಡಿಯಲ್ಲಿ ಸುರುಳಿ ಸುತ್ತಿದ ಟ್ಯೂಬ್, ಬಾಯಿ ತೆರೆದಿಡುವ ಗ್ಯಾಗ್, ಔಷಧಿ ಕುಡಿಸುವ ಬಾಟಲಿ, ನೊರೆ ಒಡೆಯುವ ದ್ರಾವಣ, ‘ಅಜೀರ್ಣದ ಪುಡಿ’ ಎಂಬ ಪೊಟ್ಟಣ, ಕರುಗಳ ಭೇದಿಗೆ ಎಲೆಕ್ಟ್ರೊಲೈಟ್ ಪ್ಯಾಕೆಟ್, ಒಂದು ಮ್ಯಾಗ್ನೆಟ್. ಕೆಲವು ಕಿಟ್‌ಗಳಲ್ಲಿ ದ್ರವ ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದವೂ ಇರುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಜೋಡಿಸಿಟ್ಟ ಕ್ರಮವೇ ತಲೆಕೆಳಗು. ಮೇಲೆ ಮೆರೆಯುವ ಟ್ರೋಕಾರನ್ನು ವರ್ಷಗಟ್ಟಲೆ ಮುಟ್ಟುವ ಪ್ರಸಂಗ ಬರಬಾರದು. ತಳಕ್ಕೆ ಬಿದ್ದ ಟ್ಯೂಬ್ ಮತ್ತು ಯಾರೂ ಲೆಕ್ಕಕ್ಕಿಡದ ಪಿಎಚ್ ಕಾಗದವೇ ಪೆಟ್ಟಿಗೆಯ ನಿಜವಾದ ಬೆಲೆ. ಹೊಟ್ಟೆಯೊಳಗೆ ಇರುವುದು ಗಾಳಿಯೋ, ನೊರೆಯೋ, ಹುಳಿಯೋ ಎಂದು ತಿಳಿಸುವವು ಈ ಎರಡೇ. ಮಿಕ್ಕವೆಲ್ಲ ಅದು ಗೊತ್ತಾದ ಮೇಲೆ ಕೈಗೆ ತೆಗೆದುಕೊಳ್ಳುವಂಥವು. ಗೊತ್ತಾಗುವ ಮೊದಲೇ ಕೈಗೆ ಬಂದರೆ ಅವುಗಳಿಂದಲೇ ಅನಾಹುತ.

ಟ್ಯೂಬ್

ಬೆಳೆದ ಹಸು, ಎಮ್ಮೆಗೆ ಹೊರಸುತ್ತಿನ ಅಡ್ಡಳತೆ 2ರಿಂದ 2.5 ಸೆಂಟಿಮೀಟರ್, ಉದ್ದ 2.5ರಿಂದ 3 ಮೀಟರ್ ಇರುವ ಟ್ಯೂಬ್ ಬೇಕು. ಅಗ್ಗದ ಕಿಟ್‌ಗಳು ಎಡವುವುದು ಇಲ್ಲಿಯೇ. ಬೆರಳು ಗಾತ್ರದ, ಒಂದೂವರೆ ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಸುತ್ತಿಟ್ಟು ಕೈತೊಳೆದುಕೊಳ್ಳುತ್ತಾರೆ. ಅಂಥದ್ದು ಗಂಟಲಲ್ಲೇ ಮಡಚಿಕೊಂಡು ಬಾಯಿಗೆ ವಾಪಸು ಬರುತ್ತದೆ. ಹೇಗೋ ಒಳಗೆ ಹೋದರೂ ದನದ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದಾದ ದೊಡ್ಡ ಹೊಟ್ಟೆಯ ಮೇಲ್ಭಾಗದ ಗಾಳಿಯವರೆಗೆ ಮುಟ್ಟುವುದಿಲ್ಲ. ಮುಟ್ಟಿದರೂ ಒಂದು ಚೂರು ಮೇವು ತುದಿಗೆ ಅಡ್ಡ ಬಂದರೆ ಮುಗಿಯಿತು. ತುದಿಯ ತೂತಿನ ಜೊತೆಗೆ ಪಕ್ಕದಲ್ಲಿ ಎರಡು ಮೂರು ಕಣ್ಣುಗಳಿರುವ ಟ್ಯೂಬನ್ನೇ ಆರಿಸಿ. ಒಂದು ಕಟ್ಟಿದರೆ ಇನ್ನೊಂದು ತೆರೆದಿರುತ್ತದೆ.

ಕೊಳ್ಳುವ ಮುಂಚೆ ಟ್ಯೂಬನ್ನು ಕೈಯಲ್ಲಿ ಹಿಡಿದು ಅರ್ಧಚಂದ್ರಾಕಾರಕ್ಕೆ ಬಗ್ಗಿಸಿ ನೋಡಿ. ಬಗ್ಗಿದ ಜಾಗದಲ್ಲಿ ಚಪ್ಪಟೆಯಾಗಿ ಮಡಿಕೆ ಬಿದ್ದರೆ ಗೋಡೆ ತೆಳು, ಬೇಡ. ಬಿಟ್ಟಕೂಡಲೆ ಮೆಲ್ಲಗೆ ನೆಟ್ಟಗಾಗುವಂಥದ್ದು ಸರಿ. ತುದಿಯ ಅಂಚನ್ನು ಒಳಗೈ ಚರ್ಮದ ಮೇಲೆ ಎಳೆದು ನೋಡಿ. ಬಿಳಿ ಗೀರು ಮೂಡಿದರೆ ಅದು ಅನ್ನನಾಳದಲ್ಲೂ ಗೀರುತ್ತದೆ. ಚಳಿಗೆ ಸೆಟೆಯುವ ಪಿವಿಸಿ ಟ್ಯೂಬಾದರೆ ಹತ್ತು ನಿಮಿಷ ಬಿಸಿನೀರಿನಲ್ಲಿ ಮುಳುಗಿಸಿಟ್ಟರೆ ಮೆದುವಾಗುತ್ತದೆ. ಅತಿ ಮೆದುವಾದ ಟ್ಯೂಬ್ ಕೂಡ ತೊಂದರೆಯೇ, ಗಂಟಲಲ್ಲಿ ಸುರುಳಿಯಾಗುತ್ತದೆ.

ಕಿಟ್‌ನಲ್ಲಿ ಇರದೆ ನಾವೇ ಮಾಡಿಕೊಳ್ಳಬೇಕಾದದ್ದು ಟ್ಯೂಬಿನ ಮೇಲಿನ ಎರಡು ಗುರುತು. ಮೂತಿಯ ತುದಿಯಿಂದ ಗಂಟಲ ಗಡ್ಡೆಯವರೆಗೆ ಒಂದು, ಮೂತಿಯಿಂದ ಕಟ್ಟಕಡೆಯ ಪಕ್ಕೆಲುಬಿನವರೆಗೆ ಇನ್ನೊಂದು. ಮೊದಲ ಗುರುತು ಬಾಯಿಯ ಹತ್ತಿರ ಬಂತೆಂದರೆ ತುದಿ ಕವಲಿನಲ್ಲಿದೆ ಎಂದರ್ಥ. ಒಂದು ದಾರಿ ಹೊಟ್ಟೆಗೆ, ಇನ್ನೊಂದು ಶ್ವಾಸಕ್ಕೆ. ಅಲ್ಲಿ ನಿಲ್ಲಿಸಬೇಕು, ಪ್ರಾಣಿ ನುಂಗುವವರೆಗೆ ಕಾಯಬೇಕು, ನುಂಗುವ ಕ್ಷಣದಲ್ಲೇ ಮುಂದೆ ತಳ್ಳಬೇಕು. ತಲೆಯನ್ನು ಮೇಲಕ್ಕೆತ್ತಿ ಹಿಡಿಯುವುದು ಬಹುಮಂದಿಯ ಅಭ್ಯಾಸ. ಎತ್ತಿದಷ್ಟೂ ಶ್ವಾಸನಾಳದ ದಾರಿ ನೇರವಾಗುತ್ತದೆ. ಮೂತಿ ಸ್ವಲ್ಪ ಕೆಳಗೆ ಬಾಗಿರಲಿ.

ಒಳಗೆ ಹೋದದ್ದು ಸರಿಯಾದ ದಾರಿಯೇ ಎಂದು ನೋಡಲು ಒಂದೇ ಪರೀಕ್ಷೆಯನ್ನು ನಂಬಬಾರದು. ಕುತ್ತಿಗೆಯ ಎಡಗಡೆ ಬೆರಳಿಟ್ಟರೆ ಗಟ್ಟಿಯಾದ ಶ್ವಾಸನಾಳದ ಪಕ್ಕದಲ್ಲಿ ಇನ್ನೊಂದು ಕೊಳವೆ ಜಾರುವುದು ತಿಳಿಯಬೇಕು. ಹೊರತುದಿಯಲ್ಲಿ ಉಸಿರಿನ ತಾಳಕ್ಕೆ ಸರಿಯಾಗಿ ಗಾಳಿ ಬಂದುಹೋಗುತ್ತಿದ್ದರೆ ಕೂಡಲೇ ಹೊರಗೆಳೆಯಿರಿ. ಕೊನೆಗೆ ಒಬ್ಬರು ಟ್ಯೂಬಿಗೆ ಊದಬೇಕು, ಇನ್ನೊಬ್ಬರು ಎಡ ಪಕ್ಕೆಯ ಗುಳಿಗೆ ಕಿವಿ ಹಚ್ಚಬೇಕು. ಗುಳುಗುಳು ಸದ್ದು ಕೇಳಿಸಿ, ಮೂಗಿಗೆ ಹುದುಗಿದ ಮೇವಿನ ವಾಸನೆ ಬಂದರೆ ಟ್ಯೂಬ್ ಹೊಟ್ಟೆಯಲ್ಲಿದೆ. ಕೆಮ್ಮಿಲ್ಲ ಎಂಬುದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ. ನಿತ್ರಾಣವಾದ ದನ ಟ್ಯೂಬ್ ಶ್ವಾಸನಾಳಕ್ಕೆ ಹೋದರೂ ಕೆಮ್ಮದಿರಬಹುದು. ಇಷ್ಟಾದ ಮೇಲೂ ಮೊದಲು ಸುರಿಯುವುದು ಅರ್ಧ ಲೀಟರ್ ಬರೀ ನೀರು, ಅದೂ ನಿಧಾನಕ್ಕೆ.

ಮಧ್ಯೆ ಎಲ್ಲಾದರೂ ಟ್ಯೂಬ್ ತಡೆದರೆ ನೂಕಬೇಡಿ. ಅನ್ನನಾಳದಲ್ಲಿ ಗೆಡ್ಡೆಯೋ ಹಣ್ಣೋ ಸಿಕ್ಕಿಕೊಂಡಿದ್ದರೆ ಬಲ ಹಾಕಿದಷ್ಟೂ ಗೋಡೆ ಹರಿಯುತ್ತದೆ. ಎಷ್ಟೋ ಸಲ ಉಬ್ಬರದ ಕಾರಣವೇ ಆ ಸಿಕ್ಕಿದ ತುಂಡು.

ಹೊರತೆಗೆಯುವಾಗ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿಯೇ ಎಳೆಯಬೇಕು. ಇಲ್ಲದಿದ್ದರೆ ಟ್ಯೂಬಿನಲ್ಲಿ ಉಳಿದ ದ್ರವ ಗಂಟಲು ದಾಟುವಾಗ ಶ್ವಾಸಕ್ಕೆ ಇಳಿಯುತ್ತದೆ.

ಗ್ಯಾಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡುವೆ ತೂತಿರುವ ಮರದ ಗ್ಯಾಗ್ ಆಗಲಿ, ಸುಮಾರು 45 ಸೆಂಟಿಮೀಟರ್ ಉದ್ದದ ಲೋಹದ ಕೊಳವೆಯಾಗಲಿ, ಎರಡೂ ನಡೆಯುತ್ತವೆ. ಗ್ಯಾಗ್ ಇಲ್ಲದೆ ಬಾಯಿಯ ಮೂಲಕ ಟ್ಯೂಬ್ ಹಾಕಿದರೆ ದವಡೆ ಹಲ್ಲಿಗೆ ಸಿಕ್ಕಿ ತುಂಡಾಗುತ್ತದೆ. ತುಂಡಾದದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಲೋಹದ ಕೊಳವೆಯ ಅಂಚು ದುಂಡಾಗಿದೆಯೇ ಎಂದು ನೋಡಿ, ಅಷ್ಟೆ.

ಟ್ಯೂಬ್ ಕೊಡುವ ಉತ್ತರ

ಟ್ಯೂಬ್ ಹೊಟ್ಟೆ ಮುಟ್ಟಿದ ಕೂಡಲೇ ಬುಸ್ಸೆಂದು ಗಾಳಿ ಹೊರಟು ಎಡ ಪಕ್ಕೆ ಕಣ್ಣೆದುರೇ ಇಳಿದರೆ ಅದು ಬಿಡಿ ಗಾಳಿಯ ಉಬ್ಬರ. ಚಿಕಿತ್ಸೆ ಅರ್ಧ ಅಲ್ಲೇ ಮುಗಿಯಿತು. ಗಾಳಿ ಯಾಕೆ ನಿಂತಿತು ಎಂದು ಹುಡುಕುವುದು ಮಿಕ್ಕ ಅರ್ಧ: ಸಿಕ್ಕಿದ ತುಂಡು, ಕರು ಹಾಕಿದ ಮೇಲಿನ ಕ್ಯಾಲ್ಸಿಯಂ ಕೊರತೆ, ಮಗ್ಗುಲಾಗಿ ಬಿದ್ದು ಏಳಲಾಗದ ಸ್ಥಿತಿ, ನರದ ತೊಂದರೆ. ಮತ್ತೆ ಮತ್ತೆ ಉಬ್ಬುವ ದನಕ್ಕೆ ಪ್ರತಿಸಲ ಗಾಳಿ ತೆಗೆದು ಸುಮ್ಮನಾಗುವುದು ರೋಗವನ್ನು ಬೆಳೆಯಲು ಬಿಟ್ಟಂತೆ.

ಗಾಳಿ ಬಾರದೆ, ಟ್ಯೂಬಿನ ತುದಿಯಲ್ಲಿ ಹಸಿರು ಬುರುಗು ಒಂದಿಷ್ಟು ಇಣುಕಿ ನಿಂತರೆ ಅದು ನೊರೆಯುಬ್ಬರ. ಎಳೆಯ ಕುದುರೆಮೆಂತೆ, ಕ್ಲೋವರ್‌ನಂಥ ದ್ವಿದಳ ಮೇವು ಅಥವಾ ನುಣ್ಣಗೆ ಬೀಸಿದ ಕಾಳು ಅತಿಯಾದಾಗ ಬರುವುದು ಇದೇ. ಅಲ್ಲಿ ಗಾಳಿ ಇಲ್ಲವೆಂದಲ್ಲ. ಸಣ್ಣಸಣ್ಣ ಗುಳ್ಳೆಗಳಲ್ಲಿ ಹಂಚಿಹೋಗಿ ಮೇವಿನ ಜೊತೆ ಬೆರೆತುಬಿಟ್ಟಿದೆ. ಅನ್ನನಾಳದ ಬಾಗಿಲಿಗೆ ನೊರೆ ತಾಗುತ್ತಿರುವವರೆಗೆ ದನಕ್ಕೆ ತೇಗಲಾಗುವುದಿಲ್ಲ, ಆ ಬಾಗಿಲು ಗಾಳಿಗೆ ಮಾತ್ರ ತೆರೆಯುತ್ತದೆ. ಇಲ್ಲಿ ಟ್ಯೂಬ್ ಗಾಳಿ ತೆಗೆಯುವ ಸಾಧನವಾಗಿ ಸೋತರೂ ನೊರೆ ಒಡೆಯುವ ಔಷಧಿಯನ್ನು ನೇರವಾಗಿ ತಲುಪಿಸುವ ದಾರಿಯಾಗಿ ಗೆಲ್ಲುತ್ತದೆ.

ಮೂರನೆಯದು, ಟ್ಯೂಬಿನಲ್ಲಿ ನೀರು ನೀರಾದ ದ್ರವ ತಾನಾಗಿ ಹರಿದುಬರುವುದು. ವಾಸನೆ ಹುಳಿ, ಬಣ್ಣ ಬೂದು ಹಾಲಿನಂತೆ. ಕಾಳು, ಹಿಟ್ಟು ಒಮ್ಮೆಗೇ ಮುಕ್ಕಿದ ದನದ ಹೊಟ್ಟೆ ಇದು. ಹಲವರು ಇದನ್ನೂ ಉಬ್ಬರವೆಂದೇ ಕರೆದು ಎಣ್ಣೆ ಕುಡಿಸುತ್ತಾರೆ. ಎಣ್ಣೆಗೆ ಇಲ್ಲಿ ಮಾಡಲು ಏನೂ ಕೆಲಸವಿಲ್ಲ.

ಪಿಎಚ್ ಕಾಗದ ಬೇಕಾಗುವುದು ಈ ಹೊತ್ತಿನಲ್ಲಿ. ಕಿಟ್‌ನಲ್ಲಿ ಬರುವ 0ಯಿಂದ 14ರವರೆಗಿನ ಕಾಗದ ತುಂಬ ಒರಟು; ಒಂದು ಬಣ್ಣಕ್ಕೂ ಇನ್ನೊಂದಕ್ಕೂ ಒಂದು ಪೂರ್ತಿ ಅಂಕದ ಅಂತರ. 5ರಿಂದ 8ರವರೆಗೆ ಸಣ್ಣ ಹೆಜ್ಜೆಗಳಲ್ಲಿ ತೋರಿಸುವ ಕಾಗದವನ್ನು ಬೇರೆಯಾಗಿಯೇ ಕೊಳ್ಳಬೇಕು. ಬಂದ ದ್ರವದ ಮೊದಲ 200 ಮಿಲಿ ಚೆಲ್ಲಿಬಿಡಿ. ಅದರಲ್ಲಿ ಜೊಲ್ಲು ಬೆರೆತಿರುತ್ತದೆ; ಜೊಲ್ಲಿನ ಪಿಎಚ್ 8ರ ಮೇಲಿರುವುದರಿಂದ ಹುಳಿ ಹೊಟ್ಟೆಯನ್ನೂ ಚೆನ್ನಾಗಿದೆ ಎಂದು ತೋರಿಸಿಬಿಡುತ್ತದೆ. ಮೇವು ತಿನ್ನುವ ದನದಲ್ಲಿ 6.2ರಿಂದ 7.2 ಸಹಜ. ಕಾಳಿನ ಆಹಾರ ಹೆಚ್ಚಿದ್ದರೆ 5.5ರಿಂದ 6.5 ಇರಬಹುದು. 5ಕ್ಕಿಂತ ಇಳಿದರೆ ಅದು ಅಪಾಯದ ಹುಳಿ. 8ರ ಹತ್ತಿರ ಹೋಗಿ, ಕಣ್ಣು ಉರಿಯುವ ಅಮೋನಿಯಾ ವಾಸನೆ ಬಂದರೆ ಯೂರಿಯಾ ವಿಷ.

ಇನ್ನೊಂದು ಸುಲಭ ಪರೀಕ್ಷೆ ಇದೆ, ಯಾವ ಕಿಟ್ಟೂ ಇದಕ್ಕೆ ಸಾಮಾನು ಕೊಡುವುದಿಲ್ಲ. 0.03 ಶೇಕಡಾದ ಮೆಥಿಲೀನ್ ಬ್ಲೂ ದ್ರಾವಣ 1 ಮಿಲಿಯನ್ನು 20 ಮಿಲಿ ಹೊಟ್ಟೆ ದ್ರವಕ್ಕೆ ಬೆರೆಸಿ, ಬೆರೆಸದ ದ್ರವದ ಪಕ್ಕದಲ್ಲಿಟ್ಟು ಗಡಿಯಾರ ನೋಡಿ. ಒಳಗಿನ ಸೂಕ್ಷ್ಮಜೀವಿಗಳು ಚುರುಕಾಗಿದ್ದರೆ 3ರಿಂದ 6 ನಿಮಿಷದಲ್ಲಿ ನೀಲಿ ಬಣ್ಣ ಮಾಯ. ಕಾಲು ಗಂಟೆಯಾದರೂ ನೀಲಿ ಉಳಿದಿದ್ದರೆ ಹೊಟ್ಟೆ ಸತ್ತಂತಿದೆ. ಅದಕ್ಕೆ ಪುಡಿ ಸುರಿದು ಪ್ರಯೋಜನವಿಲ್ಲ, ಆರೋಗ್ಯವಾದ ದನದ ಹೊಟ್ಟೆ ದ್ರವವನ್ನು ಬಟ್ಟೆಯಲ್ಲಿ ಸೋಸಿ, ಬೆಚ್ಚಗಿರುವಾಗಲೇ ಟ್ಯೂಬಿನಲ್ಲಿ ಇಳಿಸಬೇಕು. ಕನಿಷ್ಠ 3 ಲೀಟರ್. 8 ಲೀಟರಿಗೂ ಮೇಲಾದರೆ ಇನ್ನೂ ಒಳ್ಳೆಯದು.

ನೊರೆ ಒಡೆಯುವ ಶೀಶೆ, ಮತ್ತು ಅದನ್ನು ಕುಡಿಸುವ ಬಾಟಲಿ

ಶೀಶೆಯೊಳಗೆ ಸಾಮಾನ್ಯವಾಗಿ ಇರುವುದು ಸಿಮೆಥಿಕೋನ್, ಅಂದರೆ ಸಿಲಿಕೋನ್ ಜಾತಿಯದು, ಇಲ್ಲವೇ ಎಣ್ಣೆಯಲ್ಲಿ ಕರಗಿಸಿದ ಡೈಆಕ್ಟೈಲ್ ಸೋಡಿಯಂ ಸಲ್ಫೋಸಕ್ಸಿನೇಟ್. ಎರಡೂ ಕೆಲಸ ಮಾಡುತ್ತವೆ. ಪ್ರಮಾಣಕ್ಕೆ ಶೀಶೆಯ ಮೇಲೆ ಶೇಕಡಾವಾರು ಎಷ್ಟೆಂದು ನೋಡಿ. ‘ಗಿಡಮೂಲಿಕೆಗಳ ಸಾರ’ ಎಂದಷ್ಟೇ ಬರೆದು ಯಾವುದು ಎಷ್ಟಿದೆ ಎಂದು ಹೇಳದ ಶೀಶೆಯನ್ನು ಜೀವ ಹೋಗುವ ಹೊತ್ತಿನಲ್ಲಿ ನೆಚ್ಚಿಕೊಳ್ಳಲಾಗುವುದಿಲ್ಲ. ಪೊಲೊಕ್ಸಲೀನ್ ಸಿಕ್ಕರೆ ದೊಡ್ಡ ದನಕ್ಕೆ 25ರಿಂದ 50 ಗ್ರಾಂ. ದ್ವಿದಳ ಮೇವಿನ ನೊರೆಗೆ ಅದು ಪರಿಣಾಮಕಾರಿ, ಕಾಳಿನಿಂದ ಬಂದ ನೊರೆಗೆ ಅಲ್ಲ. ಈ ವ್ಯತ್ಯಾಸವನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯಬೇಕಿತ್ತು.

ಶೀಶೆ ಖಾಲಿಯಾಗಿದ್ದರೆ ಅಡುಗೆಮನೆಯ ಎಣ್ಣೆಯೇ ಸಾಕು. ಶೇಂಗಾ, ಸೋಯಾ, ಜೋಳದೆಣ್ಣೆ ಯಾವುದಾದರೂ ಸರಿ, ದೊಡ್ಡ ದನಕ್ಕೆ 250ರಿಂದ 500 ಮಿಲಿ. ಕುರಿ, ಆಡಿಗೆ 50ರಿಂದ 100 ಮಿಲಿ. ಟರ್ಪೆಂಟೈನ್ ಬೆರೆಸುವ ಹಳೆಯ ಪದ್ಧತಿಯಲ್ಲಿ ಹಾಲಿಗೆ ಅದರ ವಾಸನೆ ಇಳಿಯುತ್ತದೆ. ಬಾಯಿ, ಗಂಟಲು ಸುಡುವುದು ಬೇರೆ.

ಔಷಧಿಯಷ್ಟೇ ಮುಖ್ಯ ಅದು ಹೋಗುವ ದಾರಿ. ಉದ್ದ ಕುತ್ತಿಗೆಯ ಪ್ಲಾಸ್ಟಿಕ್ ಬಾಟಲಿಯೇ ಈ ಪೆಟ್ಟಿಗೆಯ ಅತಿ ಕೆಟ್ಟ ಸಾಮಾನು. ಗೊಟ್ಟದ ಹೊಸ ರೂಪವಷ್ಟೇ ಅದು. ಮೂಗು ಹಿಡಿದು ತಲೆ ಎತ್ತಿ, ನಾಲಿಗೆ ಹೊರಗೆಳೆದು ಸುರಿದರೆ ದನಕ್ಕೆ ನುಂಗಲು ಆಗುವುದಿಲ್ಲ. ನಾಲಿಗೆ ಹಿಂದಕ್ಕೆ ಬಾರದೆ ನುಂಗುವುದೇ ಇಲ್ಲ. ನೀರಾದರೆ ಶ್ವಾಸನಾಳಕ್ಕೆ ಹೋದಾಗ ಕೆಮ್ಮು ಬಂದು ಎಚ್ಚರಿಸುತ್ತದೆ. ಎಣ್ಣೆ ನುಣುಪು, ರುಚಿಯಿಲ್ಲದ್ದು, ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಬ್ಬರ ಇಳಿದು, ಎರಡು ಮೂರು ದಿನ ಬಿಟ್ಟು ಜ್ವರ, ಏದುಸಿರು, ಮೂಗಿನಲ್ಲಿ ಕೊಳೆತ ವಾಸನೆ ಬಂದರೆ ಕಾರಣ ಈ ಬಾಟಲಿ. ಅನಿವಾರ್ಯವಾಗಿ ಬಾಯಿಯಿಂದಲೇ ಕೊಡಬೇಕಾದರೆ ಮೂತಿಯನ್ನು ಬೆನ್ನಿನ ಮಟ್ಟಕ್ಕಿಂತ ಮೇಲೆತ್ತಬೇಡಿ, ನಾಲಿಗೆ ಮುಟ್ಟಬೇಡಿ, ಕೆನ್ನೆಯ ಸಂದಿಯಿಂದ ಒಂದೊಂದೇ ಗುಟುಕು ಬಿಡಿ, ಕೆಮ್ಮಿದರೆ ತಲೆ ಬಿಡಿ. ನಿಲ್ಲಲಾಗದ ದನಕ್ಕೆ ಬಾಟಲಿ ಬೇಡವೇ ಬೇಡ. ಕುರಿ, ಆಡುಗಳಿಗೆ ಬಳಸುವ ಡ್ರೆಂಚಿಂಗ್ ಗನ್‌ಗೂ ಇದೇ ಮಾತು: ತುದಿಯನ್ನು ಜೋರಾಗಿ ಹಿಂದಕ್ಕೆ ತಿವಿದರೆ ಗಂಟಲ ಗೋಡೆ ತೂತಾಗಿ ಕೀವು ಕಟ್ಟುತ್ತದೆ.

ಔಷಧಿ ಇಳಿದ ಮೇಲೆ ದನವನ್ನು ನಡೆಸಿ, ಮುಂಗಾಲು ಎತ್ತರದಲ್ಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ. ಅನ್ನನಾಳದ ಬಾಗಿಲು ದ್ರವದ ಮಟ್ಟಕ್ಕಿಂತ ಮೇಲೆ ಬಂದರೆ ತೇಗಲು ಸುಲಭ.

ಟ್ರೋಕಾರ್

ಎಡ ಪಕ್ಕೆ ಬೆನ್ನೆಲುಬಿನ ಮಟ್ಟಕ್ಕಿಂತ ಮೇಲೆದ್ದು, ದನ ಕುತ್ತಿಗೆ ಚಾಚಿ, ನಾಲಿಗೆ ಹೊರಹಾಕಿ ಬಾಯಿಯಲ್ಲಿ ಉಸಿರಾಡುತ್ತ ತೂರಾಡತೊಡಗಿದರೆ ಟ್ಯೂಬಿಗೆ ಸಮಯವಿಲ್ಲ. ಟ್ರೋಕಾರ್ ಇರುವುದು ಆ ಕೆಲವು ನಿಮಿಷಗಳಿಗಾಗಿ. ಅನ್ನನಾಳ ಮುಚ್ಚಿಹೋಗಿ ಟ್ಯೂಬ್ ಇಳಿಯದಿದ್ದಾಗಲೂ ಅದೇ ಗತಿ.

ಜಾಗ: ಕೊನೆಯ ಪಕ್ಕೆಲುಬು, ಸೊಂಟದ ಮೂಳೆಯ ಮುಂಚಾಚು, ಬೆನ್ನಿನ ಪಕ್ಕದ ಅಡ್ಡಮೂಳೆಗಳ ಅಂಚು, ಈ ಮೂರರ ನಡುಮಧ್ಯ, ಎಡಗಡೆ ಮಾತ್ರ. ಚರ್ಮವನ್ನು ಮೊದಲು ಬ್ಲೇಡಿನಿಂದ ಒಂದೂವರೆ ಎರಡು ಸೆಂಟಿಮೀಟರ್ ಕೊಯ್ಯಬೇಕು. ದಪ್ಪ ಚರ್ಮದ ಮೇಲೆ ಸುಮ್ಮನೆ ಗುದ್ದಿದರೆ ಮೊನೆ ಜಾರುತ್ತದೆ. ಮೊನೆಯ ದಿಕ್ಕು ಕೆಳಗೆ, ಮುಂದಕ್ಕೆ, ಬಲ ಮೊಣಕೈ ಕಡೆಗೆ. ಒಳಮೊಳೆ ತೆಗೆದ ಮೇಲೆ ಗಾಳಿಯನ್ನು ಬೆರಳಿನಿಂದ ತಡೆತಡೆದು ನಿಧಾನವಾಗಿ ಬಿಡಿ.

ಕಿಟ್‌ಗಳಲ್ಲಿ ಬರುವ ಟ್ರೋಕಾರ್‌ನ ಕೊಳವೆ ಪೆನ್ಸಿಲ್ಲಿಗಿಂತ ಸ್ವಲ್ಪ ದಪ್ಪ. ಬಿಡಿ ಗಾಳಿಗೆ ಅದು ಸಾಕು. ನೊರೆಗೆ ಏನೇನೂ ಸಾಲದು, ಎರಡು ಗುಟುಕು ಬುರುಗು ಬಂದು ಕಟ್ಟಿಕೊಳ್ಳುತ್ತದೆ. ನೊರೆ ಹೊರಬರಲು ಸುಮಾರು 2.5 ಸೆಂಟಿಮೀಟರ್ ಬಾಯಿಯ ಕೊಳವೆ ಬೇಕು. ಅದಾಗದಿದ್ದರೆ ಪಶುವೈದ್ಯರು ಪಕ್ಕೆಯನ್ನೇ ಕೊಯ್ದು ತೆರೆಯಬೇಕಾಗುತ್ತದೆ. ಸಣ್ಣ ಕೊಳವೆ ಚುಚ್ಚಿದ್ದಾಗಿದ್ದರೆ ಅದರ ಮೂಲಕವೇ ನೊರೆ ಒಡೆಯುವ ದ್ರಾವಣ ಸುರಿಯಬಹುದು, ಕೊಳವೆಯ ತುದಿ ಇನ್ನೂ ಹೊಟ್ಟೆಯೊಳಗೇ ಇದೆ ಎಂಬುದು ಖಚಿತವಿದ್ದರೆ ಮಾತ್ರ. ಗಾಳಿ ಇಳಿದಂತೆ ಹೊಟ್ಟೆಯ ಗೋಡೆ ಪಕ್ಕೆಯಿಂದ ದೂರ ಸರಿಯುತ್ತದೆ. ನುಣ್ಣನೆಯ ಕೊಳವೆ ಆಗ ಕಳಚಿಕೊಂಡು, ಮೇವಿನ ದ್ರವ ಕರುಳಿನ ಸುತ್ತಲ ಪೊರೆಗೆ ಸೋರಿ ಕೀವಾಗುತ್ತದೆ. ಆದ್ದರಿಂದ ಕೊಳ್ಳುವುದಾದರೆ ತಿರುಗಿಸಿ ಕೂರಿಸುವ, ತಿರುಪಿನ ಹಲ್ಲಿರುವ ಕೊಳವೆಯೇ ಮೇಲು. ಹೊಟ್ಟೆಯ ಗೋಡೆಯನ್ನು ಪಕ್ಕೆಗೆ ಬಿಗಿಹಿಡಿದಿರುತ್ತದೆ. ಟ್ರೋಕಾರ್ ಹಾಕಿದ ದನಕ್ಕೆ ಆಮೇಲೆ ವೈದ್ಯರ ಆರೈಕೆ ತಪ್ಪುವುದಿಲ್ಲ.

ಅಜೀರ್ಣದ ಪುಡಿ

ಎಲ್ಲ ಅಜೀರ್ಣಕ್ಕೂ ಒಂದೇ ಪುಡಿ ಎಂದು ಬರೆದಿರುವ ಪೊಟ್ಟಣವನ್ನು ತಿರುಗಿಸಿ ನೋಡಿ. ಬಹುಪಾಲು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಅಥವಾ ಆಕ್ಸೈಡ್, ಇಲ್ಲವೇ ಅಡುಗೆ ಸೋಡಾ. ಹುಳಿ ಹೊಟ್ಟೆಗೆ ಇವು ಸರಿಯಾದ ಮದ್ದೇ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕಿಲೋ ತೂಕಕ್ಕೆ ಸುಮಾರು 1 ಗ್ರಾಂ ಲೆಕ್ಕ, ಬೆಚ್ಚಗಿನ ನೀರಿನಲ್ಲಿ ಕಲಸಿ ಟ್ಯೂಬಿನಿಂದ. ಸೋಡಾ ಹುಳಿಯ ಜೊತೆ ಸೇರಿದ ಕೂಡಲೇ ಗಾಳಿ ಎಬ್ಬಿಸುತ್ತದೆ, ಉಬ್ಬಿದ ದನಕ್ಕೆ ಅದು ಬೇಡ.

ಹುಳಿಯಿಲ್ಲದ ಹೊಟ್ಟೆಗೆ ಇದೇ ಪುಡಿ ಹಾನಿ. ಬರೀ ಮೇವು ಬಿಟ್ಟು ಮಂಕಾದ ಹಸುವಿಗೆ ‘ಹೊಟ್ಟೆ ಶುದ್ಧಿಯಾಗಲಿ’ ಎಂದು ಕೊಟ್ಟರೆ ಪಿಎಚ್ ಮೇಲೇರಿ ಒಳಗಿನ ಉಪಯುಕ್ತ ಜೀವಿಗಳು ಸಾಯುತ್ತವೆ. ಯೂರಿಯಾ ತಿಂದ ದನಕ್ಕೆ ಕೊಟ್ಟರೆ ನೇರ ಸಾವಿಗೆ ದಾರಿ. ಹೊಟ್ಟೆ ಕ್ಷಾರವಾದಷ್ಟೂ ಅಮೋನಿಯಾ ರಕ್ತಕ್ಕೆ ಬೇಗ ಸೇರುತ್ತದೆ. ಅಲ್ಲಿ ಬೇಕಾದದ್ದು ತದ್ವಿರುದ್ಧ: 5 ಶೇಕಡಾದ ವಿನೆಗರ್ 2ರಿಂದ 6 ಲೀಟರ್, ಜೊತೆಗೆ ಧಾರಾಳ ತಣ್ಣೀರು. ಒಂದೇ ರೀತಿ ತೂರಾಡುವ ಎರಡು ದನಗಳಲ್ಲಿ ಒಂದಕ್ಕೆ ಸೋಡಾ, ಇನ್ನೊಂದಕ್ಕೆ ವಿನೆಗರ್. ಯಾವುದಕ್ಕೆ ಯಾವುದೆಂದು ಹೇಳುವುದು ಬೆರಳುದ್ದದ ಕಾಗದ.

ಕರುಗಳ ಪ್ಯಾಕೆಟ್

ಕಿಟ್‌ಗಳಲ್ಲಿ ಗುಣಮಟ್ಟ ಅತಿ ಹೆಚ್ಚು ಏರುಪೇರಾಗುವುದು ಈ ಪ್ಯಾಕೆಟ್ಟಿನಲ್ಲಿ. ಭೇದಿಯಾದ ಕರು ಸಾಯುವುದು ಬಹುತೇಕ ನೀರು, ಸೋಡಿಯಂ ಕಳೆದುಕೊಂಡು, ರಕ್ತ ಹುಳಿಯಾಗಿ. ರೋಗಾಣು ಯಾವುದೇ ಇರಲಿ, ಮೊದಲ ಚಿಕಿತ್ಸೆ ಕಳೆದುಕೊಂಡದ್ದನ್ನು ಮರಳಿ ತುಂಬುವುದೇ. ಒಳ್ಳೆಯ ದ್ರಾವಣದ ಒಂದು ಲೀಟರಿನಲ್ಲಿ ಸೋಡಿಯಂ 90ರಿಂದ 130 ಮಿಲಿಮೋಲ್, ಕ್ಷಾರ 50ರಿಂದ 80, ಗ್ಲುಕೋಸ್ ಸೋಡಿಯಂನಷ್ಟರಿಂದ ಹಿಡಿದು ಅದರ ಮೂರು ಪಟ್ಟಿನೊಳಗೆ ಇರಬೇಕು.

ಪ್ಯಾಕೆಟ್ಟಿನ ಮೇಲೆ ಇರುವುದು ಗ್ರಾಂ ಲೆಕ್ಕ. ಮನಸ್ಸಿನಲ್ಲೇ ಪರಿವರ್ತಿಸಿಕೊಳ್ಳಬಹುದು: 1 ಗ್ರಾಂ ಉಪ್ಪಿನಲ್ಲಿ 17 ಮಿಲಿಮೋಲ್ ಸೋಡಿಯಂ, 1 ಗ್ರಾಂ ಸೋಡಾದಲ್ಲಿ 12, 1 ಗ್ರಾಂ ಗ್ಲುಕೋಸಿನಲ್ಲಿ ಐದೂವರೆ. ಈಗ ಎರಡು ನಮೂನೆ ನೋಡಿ. ಲೀಟರಿಗೆ ಉಪ್ಪು 2.5 ಗ್ರಾಂ, ಸೋಡಾ 6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಗ್ಲುಕೋಸ್ 25 ಗ್ರಾಂ ಇದ್ದರೆ ಸೋಡಿಯಂ ಸುಮಾರು 114, ಕ್ಷಾರ 71, ಗ್ಲುಕೋಸ್ 139, ತೃಪ್ತಿಕರ. ಇನ್ನೊಂದರಲ್ಲಿ ಉಪ್ಪು 2 ಗ್ರಾಂ, ಗ್ಲುಕೋಸ್ 40 ಗ್ರಾಂ, ಸೋಡಾ ಇಲ್ಲವೇ ಇಲ್ಲ: ಸೋಡಿಯಂ 34, ಗ್ಲುಕೋಸ್ 222. ಅದು ಸಿಹಿನೀರು, ಔಷಧಿಯಲ್ಲ. ರಕ್ತದ ಹುಳಿಗೆ ಅದರಿಂದ ಏನೂ ಆಗುವುದಿಲ್ಲ. ಪಟ್ಟಿಯಲ್ಲಿ ‘ಸುಕ್ರೋಸ್’ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಸಕ್ಕರೆಯನ್ನು ಒಡೆಯುವ ಕಿಣ್ವ ಕರುವಿನ ಕರುಳಿನಲ್ಲಿ ಇಲ್ಲ, ಭೇದಿ ಹೆಚ್ಚುತ್ತದೆ. ಮನುಷ್ಯರ ಓಆರ್‌ಎಸ್‌ನಲ್ಲಿ ಸೋಡಿಯಂ ಲೀಟರಿಗೆ 75 ಮಾತ್ರ, ಕ್ಷಾರವೂ ಕಡಿಮೆ. ಬೇರೇನೂ ಇಲ್ಲದ ರಾತ್ರಿಗೆ ಅದು ನಡೆದೀತು, ದಿನಗಟ್ಟಲೆಗೆ ಅಲ್ಲ.

ಕ್ಷಾರ ಯಾವ ರೂಪದಲ್ಲಿದೆ ಎಂಬುದೂ ಮುಖ್ಯ. ಸೋಡಾ ಮತ್ತು ಸಿಟ್ರೇಟ್ ಎರಡೂ ನಾಲ್ಕನೇ ಹೊಟ್ಟೆಯಲ್ಲಿ ಹಾಲು ಗಟ್ಟಿಯಾಗುವುದಕ್ಕೆ ಅಡ್ಡಿ. ಅಸಿಟೇಟ್ ಇರುವ ಪ್ಯಾಕೆಟ್ಟಿಗೆ ಆ ದೋಷವಿಲ್ಲ, ಸಿಕ್ಕರೆ ಅದನ್ನೇ ಆರಿಸಿ. ಸೋಡಾದ್ದೇ ಇದ್ದರೆ ಹಾಲಿಗೂ ಅದಕ್ಕೂ ಕೆಲವು ಗಂಟೆ ಅಂತರವಿರಲಿ.

ಕೆಲವು ಪ್ಯಾಕೆಟ್ಟುಗಳ ಮೇಲೆ ಇನ್ನೂ ಉಳಿದಿರುವ ಒಂದು ಸಾಲು, ‘ಎರಡು ದಿನ ಹಾಲು ನಿಲ್ಲಿಸಿ’. ಇದನ್ನು ಪಾಲಿಸಬೇಡಿ. ಲೀಟರ್ ದ್ರಾವಣದಲ್ಲಿನ 25 ಗ್ರಾಂ ಗ್ಲುಕೋಸಿನಿಂದ ಸಿಗುವುದು 100 ಕಿಲೋಕ್ಯಾಲರಿ. ಲೀಟರ್ ಹಾಲಿನಲ್ಲಿ 600ಕ್ಕೂ ಹೆಚ್ಚು. ಹಾಲು ನಿಂತ ಕರು ಭೇದಿಯಿಂದಲ್ಲ, ಹಸಿವಿನಿಂದ ಸೊರಗುತ್ತದೆ. ಹಾಲು ಎಂದಿನಂತೆ, ದ್ರಾವಣ ಅದರ ಮೇಲೆ ಹೆಚ್ಚುವರಿ.

ಎಷ್ಟು ಕೊಡಬೇಕು? ಕುತ್ತಿಗೆಯ ಚರ್ಮವನ್ನು ಚಿವುಟಿ ಬಿಟ್ಟಾಗ ನಿಧಾನಕ್ಕೆ ಇಳಿದು, ಕಣ್ಣುಗುಡ್ಡೆ ಕೊಂಚ ಒಳಸರಿದು ಸಂದಿ ಕಾಣತೊಡಗಿದರೆ ಸುಮಾರು 8 ಶೇಕಡಾ ನೀರು ಹೋಗಿದೆ. 40 ಕಿಲೋ ಕರುವಿಗೆ ಅದು 3.2 ಲೀಟರ್, ಮುಂದೆ ಭೇದಿಯಲ್ಲಿ ಹೋಗುವುದು ಬೇರೆ. ಒಮ್ಮೆಗೆ 2 ಲೀಟರಿನಂತೆ ದಿನಕ್ಕೆ ಎರಡು ಮೂರು ಸಲ. ಬೆರಳು ಬಾಯಿಗಿಟ್ಟರೆ ಚೀಪುವ ಕರುವಿಗೆ ನಿಪ್ಪಲಿನಲ್ಲೇ ಕುಡಿಸಿ. ಚೀಪದೆ, ಬಾಯಿ ತಣ್ಣಗಾಗಿ, ಏಳಲಾಗದೆ ಮಲಗಿದ ಕರುವಿಗೆ ಪ್ಯಾಕೆಟ್ ಸಾಲದು; ರಕ್ತನಾಳದ ಮೂಲಕ ದ್ರವ ಹೋಗಬೇಕು. 2 ಲೀಟರಿಗೆಂದು ಬರೆದ ಪ್ಯಾಕೆಟ್ಟನ್ನು ಒಂದೇ ಲೀಟರಿನಲ್ಲಿ ಕಲಸುವುದು ಸಾಮಾನ್ಯ ತಪ್ಪು. ಗಟ್ಟಿ ದ್ರಾವಣ ಕರುಳಿಗೆ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ, ರಕ್ತದಲ್ಲಿ ಸೋಡಿಯಂ ಏರಿಸುತ್ತದೆ.

ಪ್ಯಾಕೆಟ್ಟಿನ ಜೊತೆ ಕೆಲವರು ಪ್ರತಿಜೀವಕ ಮಾತ್ರೆಯನ್ನೂ ಸೇರಿಸಿ ಕೊಡುತ್ತಾರೆ. ಹುಟ್ಟಿದ ಮೊದಲ ನಾಲ್ಕು ದಿನದ ಭೇದಿಯಲ್ಲಿ ‘ಇ. ಕೋಲೈ’ ಎಂಬ ಬ್ಯಾಕ್ಟೀರಿಯಾದ ಪಾತ್ರವಿರಬಹುದು. ಒಂದರಿಂದ ಮೂರು ವಾರದ ಕರುವಿನಲ್ಲಿ ಸಾಮಾನ್ಯವಾಗಿ ಕಾಣುವುದು ರೋಟಾವೈರಸ್, ಮತ್ತು ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮ ಪರಾವಲಂಬಿ. ಇವೆರಡಕ್ಕೂ ಆ ಮಾತ್ರೆ ತಾಗುವುದಿಲ್ಲ. ಮೂರು ವಾರ ದಾಟಿದ ಮೇಲೆ ರಕ್ತ ಬೆರೆತ ಭೇದಿಯಾದರೆ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಇದೆಯೇ ಎಂದು ಸಗಣಿ ಪರೀಕ್ಷೆ ಮಾಡಿಸಬೇಕು.

ಮ್ಯಾಗ್ನೆಟ್

ಒಳ್ಳೆಯ ಸಾಮಾನು, ಬಳಕೆ ಸುಲಭ. ಸುಮಾರು ಏಳೂವರೆ ಸೆಂಟಿಮೀಟರ್ ಉದ್ದದ ಒಂದು ಮ್ಯಾಗ್ನೆಟ್ ಎರಡನೇ ಹೊಟ್ಟೆಯಲ್ಲಿ ಕುಳಿತರೆ ಜೀವನಪೂರ್ತಿ ಸಾಕು. ಮೇವಿನ ಜೊತೆ ಬಂದ ತಂತಿ, ಮೊಳೆಯನ್ನು ಹಿಡಿದಿಟ್ಟು ಗೋಡೆಗೆ ಚುಚ್ಚದಂತೆ ತಡೆಯುತ್ತದೆ. ತಾಮ್ರ, ಅಲ್ಯೂಮಿನಿಯಂ ತಂತಿಗೆ ಅದು ಏನೂ ಮಾಡದು. ಹಿಂದೆಯೇ ಹಾಕಿದೆಯೋ ಎಂದು ತಿಳಿಯಲು ದಿಕ್ಸೂಚಿಯನ್ನು ಎಡ ಮೊಣಕೈಯ ಹಿಂದೆ ಹಿಡಿದು ನೋಡಿ, ಮುಳ್ಳು ತಿರುಗುತ್ತದೆ. ಹಾಲು ಏಕಾಏಕಿ ಇಳಿದು, ಬೆನ್ನು ಬಾಗಿಸಿ, ಮೊಣಕೈ ಅಗಲಿಸಿ ನಿಂತು ನರಳುವ ಹಸುವಿಗೂ ಮ್ಯಾಗ್ನೆಟ್ ಹಾಕುತ್ತಾರೆ. ತಂತಿ ಆಗಲೇ ಗೋಡೆ ದಾಟಿದ್ದರೆ ಅದರಿಂದ ಉಪಯೋಗವಿಲ್ಲ.

ಪೆಟ್ಟಿಗೆಯ ಮುಚ್ಚಳದ ಮೇಲೆ ‘ಎಲ್ಲ ಜಾನುವಾರುಗಳಿಗೆ’ ಎಂಬ ಬರಹವಿದ್ದರೆ ನಂಬಬೇಡಿ. ಕುದುರೆಯ ಹೊಟ್ಟೆನೋವಿಗೆ ಇದರಲ್ಲಿನ ಒಂದು ಸಾಮಾನೂ ಆಗಿಬರುವುದಿಲ್ಲ. ಅದಕ್ಕೆ ವಾಂತಿಯಾಗದು, ಟ್ಯೂಬ್ ಮೂಗಿನ ಮೂಲಕವೇ ಇಳಿಯಬೇಕು, ಇಳಿಸುವವರು ವೈದ್ಯರೇ ಆಗಬೇಕು. ದನದಲ್ಲೂ ಸಗಣಿ ನಿಂತು, ಬದಲಿಗೆ ಕಡುಕೆಂಪು ಲೋಳೆಯಷ್ಟೇ ಬಂದರೆ ಕರುಳೊಳಗೆ ಕರುಳು ಸೇರಿಕೊಂಡಿರುವ ಸಾಧ್ಯತೆ ದೊಡ್ಡದು. ಪಕ್ಕೆಗೆ ಬೆರಳಿನಿಂದ ತಟ್ಟಿದಾಗ ಬಿಂದಿಗೆ ಬಡಿದಂಥ ಠಣ್ ಸದ್ದು ಬಂದರೆ ನಾಲ್ಕನೇ ಹೊಟ್ಟೆ ಜಾಗ ಬಿಟ್ಟಿದೆಯೋ, ಕರುಳು ತಿರುಚಿದೆಯೋ ನೋಡಬೇಕು. ಎರಡರಲ್ಲೂ ಪೆಟ್ಟಿಗೆ ಮುಚ್ಚಿ ವೈದ್ಯರನ್ನು ಕರೆಯಿರಿ. ಎಣ್ಣೆಯೂ ಬೇಡ, ಜುಲಾಬೂ ಬೇಡ.

ಕೊಂಡಿದ್ದಾದರೆ ಟ್ಯೂಬನ್ನು ಪೆಟ್ಟಿಗೆಯಲ್ಲಿ ಸುತ್ತಿಡಬೇಡಿ, ಸುತ್ತಿದ ಬಾಗು ಅದಕ್ಕೆ ಶಾಶ್ವತವಾಗಿಬಿಡುತ್ತದೆ. ಬಳಸಿದ ಮೇಲೆ ಮೊದಲು ತಣ್ಣೀರು, ಆಮೇಲೆ ಸೋಪಿನ ಬಿಸಿನೀರು; ಮೊದಲೇ ಬಿಸಿ ಹಾಕಿದರೆ ಹಾಲಿನ ಅಂಶ ಒಳಗೋಡೆಗೆ ಅಂಟುತ್ತದೆ. ಕರುಗಳಿಗೆ ಗಿಣ್ಣು ಕುಡಿಸುವ ಟ್ಯೂಬ್ ಬೇರೆ, ಭೇದಿಯ ಕರುವಿನದು ಬೇರೆ ಇರಲಿ. ಕ್ರಿಪ್ಟೊಸ್ಪೊರಿಡಿಯಂ ಬ್ಲೀಚಿಂಗ್ ನೀರಿಗೆ ಜಗ್ಗುವುದಿಲ್ಲ, 60 ಡಿಗ್ರಿ ದಾಟಿದ ಬಿಸಿಗೆ ಮತ್ತು ಪೂರ್ತಿ ಒಣಗಿದ ಜಾಗಕ್ಕೆ ಸೋಲುತ್ತದೆ. ಮನುಷ್ಯರಿಗೂ ಹರಡುವುದರಿಂದ ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ತೊಳೆದ ಟ್ಯೂಬನ್ನು ನೆರಳಿನಲ್ಲಿ, ಎತ್ತರದ ಮೊಳೆಗೆ ನೇರವಾಗಿ ನೇತುಹಾಕಿ. ತುದಿಯ ಕಣ್ಣುಗಳು ಕೆಳಮುಖವಾಗಿದ್ದರೆ ಒಳಗಿನ ನೀರು ಇಳಿದುಹೋಗುತ್ತದೆ.